ಬೋರಲು ಹಾಕಿದ ಐದು ಹಿತ್ತಾಳೆ ಲೋಟ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರನ್ನು ಜರಡಿ ಹಿಡಿದರೂ ನನ್ನ ಭಾವನಷ್ಟು ಪುಕ್ಕಲು ಮನುಷ್ಯ ಸಿಗಲಾರ. ಅವರ ಹತ್ತಿರ ಎರಡು ಪಿಸ್ತೂಲುಗಳಿವೆ. ಈ ಎರಡು ವಾಕ್ಯಗಳ ನಡುವೆ 'ಆದರೆ' ಹಾಕಬೇಕೋ 'ಆದ್ದರಿಂದ' ಹಾಕಬೇಕೋ ಎಂದು ನಾನು ಬಹಳ ಕಾಲ ಯೋಚಿಸಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಮನೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದದ್ದರಲ್ಲಿ ಏನು ಕೆಡಬಹುದು ಎಂದು ದಿನವಿಡೀ ಊಹಿಸುವುದಕ್ಕೆ ಸಂಬಳ ಪಡೆಯುವವರು. ನಾಯಿ ಕಂಡರೆ ಹೆದರಿಕೆ, ಮಿಂಚಿಗೆ ಹೆದರಿಕೆ, ಹಸಿರು ಬಾಣವಿಲ್ಲದ ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗಲು ಹೆದರಿಕೆ. ಕುಕ್ಕರ್ ಮೂರನೆಯ ಸೀಟಿಗೆ ಬರುವ ಹೊತ್ತಿಗೆ ಹಾಲ್‌ನ ಸೋಫಾ ಹಿಂದೆ ನಿಂತಿರುತ್ತಾರೆ. ಇಂಥವರ ಮನೆಗೆ ಪಿಸ್ತೂಲು ಬಂದದ್ದು ಹೇಗೆ?

ಹತ್ತಿರದ ಯಾರದೋ ಮನೆಗೆ ಕಳ್ಳರು ನುಗ್ಗಿದ್ದರಿಂದ ಎಂದು ಭಾವ ಒಮ್ಮೆ ಹೇಳಿದ್ದರು. ಅಕ್ಕನ ಪ್ರಕಾರ, ಆಫೀಸಿನವರು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದಾಗ ಪಕ್ಕದವನ ಮೊದಲ ಗುಂಡಿನ ಸದ್ದಿಗೆ ಇವರು ನೆಲದ ಮೇಲೆ ಕೂತುಬಿಟ್ಟರಂತೆ. ಆ ಅವಮಾನಕ್ಕೆ ಕೊಂಡದ್ದು. ಇನ್ನೊಂದು ಸಲ ಭಾವನೇ ನನ್ನ ಹತ್ತಿರ, "ಹೆದರಿಕೆ ಆಗೋ ವಸ್ತು ಮನೇಲೇ ಇದ್ರೆ ಅದು ಎಲ್ಲಿದೆ ಅಂತಾದ್ರೂ ಗೊತ್ತಿರುತ್ತಲ್ಲೋ" ಎಂದಿದ್ದರು. ಮೂರರಲ್ಲಿ ಯಾವುದು ನಿಜ ಎಂದು ನಾನು ತೀರ್ಮಾನಿಸಿಲ್ಲ. ತೀರ್ಮಾನಿಸಿದ ತಕ್ಷಣ ಉಳಿದೆರಡು ಸತ್ತುಹೋಗುತ್ತವೆ.

ಕೊಂಡ ಮೇಲೆ ಅಂಗಡಿಯ ಕಾಡತೂಸುಗಳ ಮೇಲೆ ಅನುಮಾನ ಶುರುವಾಯಿತು. ಮೊದಲ ಡಬ್ಬಿಯಲ್ಲೇ ಒಂದು ಹಾರಲಿಲ್ಲ. "ಯಾರೋ ಎಲ್ಲೋ ಮಾಡಿದ್ದು. ಮಾಡೋವಾಗ ಅವನ ಗಮನ ಎಲ್ಲಿತ್ತೋ" ಎಂದರು. ವಿಮಾನ ನಿಲ್ದಾಣಕ್ಕೂ ಮನೆಯಿಂದ ಚಪಾತಿ ಕಟ್ಟಿಸಿಕೊಂಡು ಹೋಗುವವರು ಇನ್ನೇನು ಹೇಳಿಯಾರು? ಗ್ಯಾರೇಜಿನಲ್ಲಿ ಒಂದು ಒತ್ತುಯಂತ್ರ ಬಂತು, ಪುಟ್ಟ ತಕ್ಕಡಿ ಬಂತು, ದಪ್ಪ ಪುಸ್ತಕ ಬಂತು. ಹಾರಿಸಿ ಖಾಲಿಯಾದ ಹಿತ್ತಾಳೆ ಕೇಸುಗಳನ್ನು ತೊಳೆದು, ಬುಡಕ್ಕೆ ಕಿಡಿ ಕೊಡುವ ಹೊಸ ಪ್ರೈಮರ್ ಕೂರಿಸಿ, ಮದ್ದು ತುಂಬಿ, ಬಾಯಿಗೆ ಗುಂಡು ಒತ್ತಿ, ತಮ್ಮ ಕಾಡತೂಸು ತಾವೇ ಮಾಡತೊಡಗಿದರು.

"ಹುಳಿಪುಡಿ ಮುಗಿದು ವಾರ ಆಯ್ತು, ಅದಕ್ಕೆ ಇವರಿಗೆ ಪುರುಸೊತ್ತಿಲ್ಲ. ಮದ್ದಿನಪುಡಿ ಮಾತ್ರ ಗುಲಗಂಜಿ ತೂಕ ಹೆಚ್ಚುಕಮ್ಮಿ ಆಗಬಾರದು" ಎಂದು ಅಕ್ಕ ಗೊಣಗುತ್ತಿದ್ದಳು.

ಕೆಲಸದ ಹೊತ್ತಿಗೆ ನಿಯಮಗಳಿದ್ದವು. ಯಾರೂ ಮಾತಾಡಿಸಬಾರದು. ಫೋನ್ ಒಳಗೆ ಬರಕೂಡದು. ಕಣ್ಣಿಗೆ ಕನ್ನಡಕ. ಮೇಜಿನ ಮೇಲೆ ಒಂದೇ ಬಗೆಯ ಮದ್ದು. ಮುಗಿದ ಮೇಲೆ ಬಟ್ಟೆ ಬದಲಿಸಿ, ಕೈ ತೊಳೆದು, ಆಮೇಲೆಯೇ ಅಡುಗೆಮನೆ. ಗುಂಡಿನ ಸೀಸ ಮೈಗೆ ಹತ್ತಬಾರದಲ್ಲ! ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನಮ್ಮಮ್ಮನಿಗೆ ಇದೊಂದು ಬಹಳ ಹಿಡಿಸಿತು. "ಅಳಿಯ ಎಷ್ಟು ಮಡಿ ನೋಡು. ನೀನು ಆಫೀಸಿನ ಪ್ಯಾಂಟಲ್ಲೇ ಊಟಕ್ಕೆ ಕೂರ್ತೀಯ" ಎಂದು ನನಗೆ ಅಂದಳು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದು ಮರದ ಹಲಗೆಯದು. ಅದರಲ್ಲಿ ಸಾಲು ಸಾಲು ಕುಳಿಗಳು. ಮದ್ದು ಹಾಕದ ಕೇಸು ಬೋರಲು, ಹಾಕಿದ್ದು ನೆಟ್ಟಗೆ. ಗುಂಡು ಒತ್ತುವ ಮುನ್ನ ಪ್ರತಿಯೊಂದರ ಬಾಯಿಗೂ ಟಾರ್ಚ್ ಬಿಟ್ಟು ಇಣುಕಬೇಕು. "ಎರಡು ಸಲ ತುಂಬಿದ್ರೆ ಸಾಯ್ತೀವಿ. ತುಂಬೋದು ಮರೆತ್ರೂ ಸಾಯಬಹುದು" ಎಂದು ಭಾವ ವಿವರಿಸುತ್ತಿದ್ದರು.

ಅವರ ಜೊತೆ ರೇಂಜಿಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂದದ್ದು ಅಕ್ಕನಿಂದ. ನಾನಿದ್ದದ್ದು ಹ್ಯೂಸ್ಟನ್ ಆಚೆಯ ದ ವುಡ್‌ಲ್ಯಾಂಡ್ಸ್‌ನಲ್ಲಿ. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದವನಿಗೆ ಕಾಫಿಯ ಜೊತೆಗೇ, "ಇವರು ಒಬ್ಬರೇ ಹೋಗ್ತಾರೆ ಕಣೋ, ಜೊತೆಗೆ ಹೋಗು" ಎನ್ನುತ್ತಿದ್ದಳು. ಜೊತೆಗೆ ಹೋಗಿ ನಾನೇನು ಗುಂಡಿಗೆ ಅಡ್ಡ ನಿಲ್ಲಬೇಕಿತ್ತೇ?

ಒಮ್ಮೆ ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿದ್ದ, ಅಕ್ಕನ ಗೆಳತಿಯ ಮಗಳು, ಧಾರವಾಡದವಳು, ನಮ್ಮ ಜೊತೆ ಬಂದಳು. ಭಾವ ಪಿಸ್ತೂಲಿನ ಕುದುರೆ ಒತ್ತಿದರು. 'ಟಕ್' ಎಂದಿತು, ಅಷ್ಟೇ. ಭಾವ ಕಲ್ಲಾದರು. ಪಿಸ್ತೂಲಿನ ಬಾಯಿ ಗುರಿಯ ಕಡೆಗೇ, ತುಟಿ ಎಣಿಸುತ್ತಿದೆ. ಮೂವತ್ತು ಎಣಿಸಿದರೆ ಸಾಕು ಎಂದು ನನಗೆ ಕಲಿಸಿದವರು ತಾವು ನೂರೆಂಟಕ್ಕೆ ಹೋಗಿದ್ದರು.

"ಅಂಕಲ್, ಗುಂಡು ಹೊಡಿಯಾಕ ಬಂದೀರೋ, ಅದರ ಮುಂದ ಜಪಾ ಮಾಡಾಕ ಬಂದೀರೋ?" ಎಂದಳು ಅವಳು.

"ಒಳಗಿರೋದು ನಿದ್ದೆ ಮಾಡ್ತಿದೆಯೋ, ನಿದ್ದೆ ನಟಿಸ್ತಿದೆಯೋ ಗೊತ್ತಿಲ್ಲಮ್ಮ. ತಡವಾಗಿ ಹಾರೋದೂ ಉಂಟು."

"ಹಂಗಾರ ನಾನು ಕಾರಿನ್ಯಾಗ ಕುಂದರತೀನ್ರಿ. ಎದ್ದಮ್ಯಾಲೆ ಕರೀರಿ."

ಆಮೇಲೆ ಹೊರತೆಗೆದು ಅದರ ಬುಡ ತೋರಿಸಿದರು. ಪ್ರೈಮರ್ ಮೇಲೆ ಹೊಡೆತದ ಗುಳಿ ಆಳವಾಗಿದ್ದರೆ ದೋಷ ಕಾಡತೂಸಿನದು, ತೆಳುವಾಗಿದ್ದರೆ ಪಿಸ್ತೂಲಿನದು. ಇದು ತೆಳು. ಅಂದರೆ ಒಳಗೆ ಕೊಳೆ, ಇಲ್ಲವೇ ಸ್ಪ್ರಿಂಗು ಸೋತಿದೆ. ತಮ್ಮ ಕಾಡತೂಸಿನದು ತಪ್ಪಲ್ಲ ಎಂದು ಗೊತ್ತಾದಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ಅಕ್ಕನ ಮದುವೆಯ ಫೋಟೋಗಳಲ್ಲೂ ನಾನು ನೋಡಿಲ್ಲ.

ಇನ್ನು ಆ ಆಯುಧಪೂಜೆ. ಇಲ್ಲಿಂದ ಮುಂದೆ ನನ್ನ ನೆನಪು ಸರಿಯಾಗಿ ನಿಲ್ಲುವುದಿಲ್ಲ. ಕೆಲವು ತುಣುಕುಗಳು ತೀರಾ ಸ್ಪಷ್ಟ, ಆದ್ದರಿಂದಲೇ ನನಗೆ ಅವುಗಳ ಮೇಲೆ ಅನುಮಾನ.

ಇಲ್ಲಿ ಹಬ್ಬಗಳೆಲ್ಲ ಶನಿವಾರ ಬರುತ್ತವೆ. ಮರುದಿನ ರೇಂಜಿಗೆಂದು ಭಾವ ಬೆಳಗ್ಗೆಯೇ ಗ್ಯಾರೇಜು ಸೇರಿದ್ದರು. ಕೊನೆಯ ಸಾಲಿನ ಐದು ಕೇಸಿಗೆ ಮದ್ದು ತುಂಬುವುದು ಉಳಿದಿರುವಾಗ ಅಕ್ಕ ಮಂಗಳಾರತಿಗೆ ಕೂಗಿದಳು. ಕೆಲಸ ನಡುವೆ ಬಿಟ್ಟು ಏಳಬಾರದೆಂಬುದು ಅವರದೇ ನಿಯಮ. ಆದರೆ ಮಂಗಳಾರತಿಗೆ 'ಐದು ನಿಮಿಷ' ಎನ್ನುವುದು ಹೇಗೆ? ಎದ್ದು ಬಂದರು. ದೇವರ ಮುಂದೆ ಚಾಕು, ಸ್ಕ್ರೂಡ್ರೈವರ್, ಲ್ಯಾಪ್‌ಟಾಪ್, ಭಾವನ ಟಾರ್ಚ್ ಎಲ್ಲ ಕುಂಕುಮ ಹಚ್ಚಿಕೊಂಡು ಕೂತಿದ್ದವು. "ಪೂಜೆಗಿಟ್ಟಿದ್ದನ್ನ ನಾಳೆ ಬೆಳಗ್ಗೆವರೆಗೂ ಯಾರೂ ಮುಟ್ಟೋ ಹಾಗಿಲ್ಲ" ಎಂದು ಅಮ್ಮ ಅಪ್ಪಣೆ ಮಾಡಿದಳು.

ಆಮೇಲೆ ಅಮ್ಮ ಕಾರಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹೂವಿಡಲು ಗ್ಯಾರೇಜಿಗೆ ಹೋದಳು. ತಟ್ಟೆ ಹಿಡಿದವನು ನಾನು. (ನಾನಾಗ ಫೋನಿನಲ್ಲಿದ್ದೆ ಎಂದು ಅಕ್ಕ ಹೇಳುತ್ತಾಳೆ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!) ಒತ್ತುಯಂತ್ರಕ್ಕೂ ಕುಂಕುಮವಿಟ್ಟ ಅಮ್ಮ ಹಲಗೆಯ ಮುಂದೆ ನಿಂತಳು. "ಇಷ್ಟಿಷ್ಟೇ ಇದಾವೆ ಹಿತ್ತಾಳೆ ಲೋಟ. ಹಬ್ಬದ ದಿನ ಬೋರಲು ಹಾಕ್ತಾರೇನೋ" ಎಂದು ಐದನ್ನೂ ಒಂದೊಂದಾಗಿ ಎತ್ತಿ ನೆಟ್ಟಗಿಟ್ಟಳು. ನಾನು ನೋಡುತ್ತಾ ನಿಂತಿದ್ದೆ. ನಿಯಮವೆಲ್ಲ ಬಾಯಿಪಾಠವಿತ್ತು. ಆ ಕ್ಷಣದಲ್ಲಿ ನನಗೂ ಅವು ಲೋಟಗಳಾಗಿಯೇ ಕಂಡವು.

ಊಟವಾದ ಮೇಲೆ ಭಾವ ಬಂದು ನೋಡಿದರೆ ಎಲ್ಲವೂ ನೆಟ್ಟಗೆ. ಓಹೋ, ಮುಗಿಸಿಯೇ ಎದ್ದಿದ್ದೆ ಅಂದುಕೊಂಡರು. ಟಾರ್ಚ್ ದೇವರ ಮುಂದಿತ್ತು, ಇಣುಕದೆಯೇ ಗುಂಡು ಒತ್ತಿದರು. ಜಗತ್ತಿನಲ್ಲಿ ಎಲ್ಲವನ್ನೂ ಅನುಮಾನಿಸುವ ಮನುಷ್ಯ ಅವತ್ತೊಂದು ದಿನ ತಮ್ಮ ನೆನಪನ್ನು ನಂಬಿದರು.

ಮರುದಿನ ರೇಂಜಿನಲ್ಲಿ ನನ್ನ ಸರದಿ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಎರಡು ಗುಂಡು ಹಾರಿದವು. ಮೂರನೆಯದು 'ಪುಸ್' ಎಂದಿತು. ಟಕ್ ಎಂದರೆ ಕಾಯಬೇಕು. ಪುಸ್ ಎಂದರೆ ಮದ್ದಿಲ್ಲದೆ ಬರೀ ಪ್ರೈಮರ್ ಕಿಡಿಗೆ ಹೊರಟ ಗುಂಡು ನಳಿಕೆಯ ನಡುವೆ ಸಿಕ್ಕಿರಬಹುದು, ಅಲ್ಲಿಗೇ ನಿಲ್ಲಿಸಿಬಿಡಬೇಕು. ಇದನ್ನು ಭಾವ ನನಗೆ ಎಷ್ಟು ಸಲ ಹೇಳಿರಲಿಲ್ಲ! ಹೆದರಿದವನ ಕೈಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ? ಕೈ ತಾನಾಗಿಯೇ ಪಿಸ್ತೂಲಿನ ಮೇಲ್ಭಾಗ ಎಳೆದು ಬಿಟ್ಟಿತು. ಹೊಸ ಕಾಡತೂಸು ಒಳಗೆ ಬಂತು. ಬೆರಳು ಕುದುರೆಗೆ ಹೋಯಿತು.

ಭಾವ ಕೂಗಿದರಂತೆ. ನನಗೆ ಕೇಳಿಸಲಿಲ್ಲ. ಹಿಂದಿನಿಂದ ಒಂದು ಕೈ ಬಂತು. ಪಿಸ್ತೂಲಿನ ಹಿಂಬದಿಯಲ್ಲಿ ಹೊಡೆಯಲು ಸಿದ್ಧವಾಗಿ ಎದ್ದು ನಿಂತಿರುವ ಪುಟ್ಟ ಸುತ್ತಿಗೆ ಇರುತ್ತದಲ್ಲ, ಅದಕ್ಕೂ ಅದು ಬಡಿಯಬೇಕಾದ ಜಾಗಕ್ಕೂ ನಡುವೆ ಒಂದು ಹೆಬ್ಬೆರಳು ತೂರಿತು. ನಾನು ಒತ್ತಿದೆ.

ಸದ್ದೇ ಆಗಲಿಲ್ಲ. ಸುತ್ತಿಗೆ ಭಾವನ ಉಗುರಿನ ಮೇಲೆ ಬಿದ್ದಿತ್ತು.

ಅವರು ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು, ಒಳಗಿದ್ದದ್ದನ್ನೆಲ್ಲ ಹೊರತೆಗೆದು, ನಳಿಕೆ ಬಿಚ್ಚಿ ಒಂದು ಕಡ್ಡಿ ತೂರಿಸಿದರು. ಕಡ್ಡಿ ಅರ್ಧಕ್ಕೆ ನಿಂತಿತು. "ನೋಡು" ಎಂದರು. ಸಿಕ್ಕಿಕೊಂಡ ಗುಂಡಿನ ಹಿಂದಿನಿಂದ ಇನ್ನೊಂದು ಬಂದಿದ್ದರೆ ನಳಿಕೆ ನನ್ನ ಕೈಯಲ್ಲೇ ಸೀಳುತ್ತಿತ್ತು. ಮುಖ ಅಲ್ಲಿಂದ ಒಂದು ಮೊಳ ದೂರದಲ್ಲಿತ್ತು. ಇಬ್ಬರೂ ಬೆಂಚಿನ ಮೇಲೆ ಕೂತೆವು.  

ಕಾರಿನಲ್ಲಿ ಕೇಳಿದರು. "ನಿನ್ನೆ ಹಲಗೆ ಯಾರಾದ್ರೂ ಮುಟ್ಟಿದ್ರೇನೋ?"

"ಅಮ್ಮ. ಲೋಟ ಅಂದ್ಕೊಂಡು ಐದನ್ನೂ ನೆಟ್ಟಗಿಟ್ಲು. ನಾನು ಅಲ್ಲೇ ಇದ್ದೆ ಭಾವ."

ಭಾವ ಹೆಬ್ಬೆರಳನ್ನು ತಣ್ಣನೆಯ ನೀರಿನ ಬಾಟಲಿಗೆ ಒತ್ತಿಕೊಂಡರು. ಆಮೇಲೆ, "ಟಾರ್ಚ್ ಇಲ್ದೆ ಮುಂದುವರಿಸಿದ್ದು ನಾನು. ಅತ್ತೆಗೆ ಇದು ಯಾವತ್ತೂ ಗೊತ್ತಾಗಬಾರದು" ಎಂದರು.

ಮನೆಗೆ ಬಂದಾಗ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಮ್ಮ ಬಾಗಿಲಲ್ಲೇ ನೋಡಿಬಿಟ್ಟಳು. "ಏನಾಯ್ತು ಇದು?"

"ಕಾರಿನ ಬಾಗಿಲಿಗೆ ಸಿಕ್ಕಿಹಾಕ್ಕೊಳ್ತು ಅತ್ತೆ."

ಅಮ್ಮ ಅರಿಶಿನ ಬಿಸಿ ಮಾಡಿಕೊಂಡು ಬಂದು, ಅವರನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಊದಿ ಊದಿ ಹಚ್ಚುತ್ತಾ, "ಇಷ್ಟು ದೊಡ್ಡವರಾಗಿದೀರಿ, ಒಂದು ಬಾಗಿಲು ಹಾಕೋವಾಗ ನೋಡ್ಕೋಬಾರದೇನ್ರಿ? ಪಕ್ಕದಲ್ಲಿ ನನ್ನ ಮಗ ಇದ್ದ. ಅವನ ಕೈಯೇ ಸಿಕ್ಕಿದ್ರೆ ಏನು ಗತಿ?" ಎಂದು ಬೈದಳು.

ಭಾವ ನನ್ನ ಕಡೆ ನೋಡಲಿಲ್ಲ. ತಲೆ ಬಗ್ಗಿಸಿಕೊಂಡೇ, "ತಪ್ಪಾಯ್ತು ಅತ್ತೆ" ಎಂದರು.