ದಿನಕ್ಕೊಬ್ಬರು ಕ್ಯಾನ್ಸಲ್

ಬಹ್ರೇನಿನಲ್ಲಿ ನಾನು ದುಡಿದ ಕಂಪೆನಿಯಲ್ಲಿ ದಿನಕ್ಕೊಬ್ಬರಾದರೂ ಕ್ಯಾನ್ಸಲ್ ಆಗುತ್ತಿದ್ದರು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಅವರೇ ಡ್ಯೂಟಿಗೆ ಬರುತ್ತಿದ್ದರು. ಎಪ್ಪತ್ತರ ದಶಕ ಮುಗಿದು ಎಂಬತ್ತು ಹಿಡಿದ ಕಾಲ. ಮನಾಮಾದ ಗುಫೂಲ್ ಬಡಾವಣೆಯ ಒಂದು ಓಣಿಯಲ್ಲಿ ಕಚೇರಿ, ಹಿಂದೆ ವರ್ಕ್‌ಶಾಪು, ಅದರ ಮೇಲೆ ನಮ್ಮ ಕೋಣೆಗಳು. ಮನೆಗಳ ಏಸಿ ರಿಪೇರಿ, ವಯರಿಂಗ್, ನಲ್ಲಿ ಕೆಲಸ ನಮ್ಮದು. ನಾನು ಎಲೆಕ್ಟ್ರಿಷಿಯನ್. ಒಟ್ಟು ಹದಿನೆಂಟು ಜನ, ಎಲ್ಲರೂ ಕುಂದಾಪುರದಿಂದ ಉಳ್ಳಾಲದವರೆಗಿನವರು. ಮ್ಯಾನೇಜರೂ ಮಂಗಳೂರಿನವನೇ. ಪರದೇಶದವನು ಬೈದರೆ ಅರ್ಧ ಅರ್ಥವಾಗುವುದಿಲ್ಲ, ನೆಮ್ಮದಿ. ಇವನು ಬೈದದ್ದು ಪೂರ್ತಿ ಅರ್ಥವಾಗುತ್ತಿತ್ತು.

ನಾನು ಶಾಲೆಗೆ ಹೋದದ್ದು ಆರನೇ ಕ್ಲಾಸಿನವರೆಗೆ. ಇಂಗ್ಲಿಷ್ ಕಲಿತದ್ದು ರಟ್ಟು ಹರಿದ ಒಂದು ಹಳೇ ನಿಘಂಟಿನಿಂದ. ಕ್ಯಾನ್ಸಲ್ ಎಂದರೆ ಬರೆದದ್ದರ ಮೇಲೆ ಗೀಟು ಎಳೆಯುವುದು ಎಂದು ಅದರಲ್ಲಿತ್ತು. ಬಹ್ರೇನಿನಲ್ಲಿ ಆ ಗೀಟನ್ನು ಮನುಷ್ಯನ ಮೇಲೇ ಎಳೆಯುತ್ತಿದ್ದರು. ವೀಸಾ ರದ್ದು, ಪಾಸ್‌ಪೋರ್ಟಿಗೊಂದು ಮುದ್ರೆ, ಸಿಕ್ಕ ವಿಮಾನ ಹತ್ತಿ ಬೊಂಬಾಯಿ. ನಮ್ಮ ಪಾಸ್‌ಪೋರ್ಟುಗಳೆಲ್ಲ ಮ್ಯಾನೇಜರನ ಮೇಜಿನ ಡ್ರಾಯರಿನಲ್ಲಿ, ಅದರ ಬೀಗದ ಕೈ ಅವನ ಸೊಂಟದಲ್ಲಿ. ಒಂದೇ ಒಂದು ಶಬ್ದದಿಂದ ಹದಿನೆಂಟು ಗಂಡಸರನ್ನು ಬಗ್ಗಿಸಿ ಇಟ್ಟಿದ್ದ. ಆ ಶಬ್ದವನ್ನು ಅವನ ಬಾಯಿಂದ ಕಿತ್ತುಕೊಂಡೆವು. ಹೇಗೆ ಎಂಬುದನ್ನು ಹೇಳುತ್ತೇನೆ.

ತಣ್ಣಗಾದ ಚಹಾ

ನಾನು ಬಂದ ಮೊದಲ ದಿನ. ಅಡುಗೆಯವರು ಕಚೇರಿಗೆ ಚಹಾ ತಂದರು. ಮ್ಯಾನೇಜರ್ ಒಂದು ಗುಟುಕು ಕುಡಿದು ಲೋಟ ಕುಕ್ಕಿದ. “ಇದು ಚಹಾವಾ, ಸ್ನಾನದ ನೀರಾ? ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ತೇನೆ ನಿನ್ನನ್ನು!”

ಐವತ್ತು ದಾಟಿದ ಮನುಷ್ಯ, ಒಂದು ಲೋಟ ಚಹಾಕ್ಕೆ ಹೊಟ್ಟೆಪಾಡು ಹೋಯಿತಲ್ಲ ಎಂದು ದಿನವಿಡೀ ಸಂಕಟಪಟ್ಟೆ. ಸಂಜೆ ಸಮಾಧಾನ ಹೇಳಲೆಂದು ಅಡುಗೆಕೋಣೆಗೆ ಹೋದರೆ ಅವರು ಹಾಡು ಗುನುಗುತ್ತಾ ಬಂಗುಡೆ ಮೀನು ಕಾಯಿಸುತ್ತಿದ್ದರು.

“ಬೇಜಾರು ಮಾಡ್ಬೇಡಿ ಅಣ್ಣ,” ಎಂದೆ.

“ಎಂತಕ್ಕೆ?”

“ನಿಮ್ಮನ್ನು ಕ್ಯಾನ್ಸಲ್ ಮಾಡಿದ್ರಲ್ಲ.”

“ಓ, ಅದಾ? ಶನಿವಾರವೂ ಮಾಡಿದ್ರು. ಸೋಮವಾರವೂ ಮಾಡಿದ್ರು. ನಿನಗೆ ಬಂಗುಡೆ ಎರಡು ಸಾಕಾ, ಮೂರು ಹಾಕಲಾ?”

ಹೊಲಿಗೆ ಮಿಷನ್

ಮೇಲಿನಿಂದ ದಿನಾ ಸುರಿಯುವ ಮಾತು ಕೆಳಗಿನವರ ಬಾಯಿಗೂ ಹತ್ತಿತು. ಸಾರಿಗೆ ಹುಳಿ ಸಿಗದಿದ್ದರೆ ಸಾರು ಕ್ಯಾನ್ಸಲ್. ನೀರು ನಿಂತರೆ ಸ್ನಾನ ಕ್ಯಾನ್ಸಲ್. ಒಬ್ಬ ಮೀಸೆ ಬೋಳಿಸಿಕೊಂಡು ಬಂದು “ಕ್ಯಾನ್ಸಲ್ ಮಾಡಿದೆ” ಎಂದ.

ನಮ್ಮ ಡ್ರೈವರ್ ಉಳ್ಳಾಲದ ಬ್ಯಾರಿ. ಎಲ್ಲರಿಗಿಂತ ಹಿರಿಯರು, ಎಲ್ಲರಿಗೂ ಕಾಕ. ಕಾಕನಿಗೆ ಅಕ್ಷರ ಬಾರದು. ಊರಿಗೆ ಅವರ ಕಾಗದ ಬರೆಯುವವನು ನಾನು, ಅಲ್ಲಿಂದ ಬಂದದ್ದನ್ನು ಓದಿ ಹೇಳುವವನೂ ನಾನು. ಒಮ್ಮೆ ಅವರ ಹೆಂಡತಿ ಉದ್ದದ ಪಟ್ಟಿ ಕಳಿಸಿದ್ದರು: ಟಾರ್ಚು, ಸೀರೆ, ಅತ್ತರು, ಒಂದು ಹೊಲಿಗೆ ಮಿಷನ್.

“ಬರಿ,” ಎಂದರು ಕಾಕ. “ಟಾರ್ಚು ಆಯ್ತು, ಸೀರೆ ಆಯ್ತು, ಅತ್ತರು ಆಯ್ತು. ಹೊಲಿಗೆ ಮಿಷನ್ ಕ್ಯಾನ್ಸಲ್.”

“ಸ್ವಲ್ಪ ಮೆತ್ತಗೆ ಬರೆಯಲಾ ಕಾಕ?”

“ನಾನು ಹೇಳಿದ ಹಾಗೆ ಬರಿ. ಗಂಡಸು ಯಾರು ಅಂತ ಗೊತ್ತಾಗಲಿ.”

ಮೂರು ವಾರಕ್ಕೆ ಉತ್ತರ ಬಂತು. ಎಲ್ಲರ ಎದುರು ಗಟ್ಟಿಯಾಗಿ ಓದಿದೆ. ಒಂದೇ ಸಾಲು: “ಹೊಲಿಗೆ ಮಿಷನ್ ಕ್ಯಾನ್ಸಲ್ ಆದರೆ ನೀವು ಬರುವುದೂ ಕ್ಯಾನ್ಸಲ್.”

ಮುಂದಿನ ಶುಕ್ರವಾರ ಕಾಕ ಮನಾಮಾದ ಸೂಕಿನಿಂದ, ಅಂದರೆ ಪೇಟೆಯಿಂದ, ಹೊಲಿಗೆ ಮಿಷನ್ ಹೊತ್ತು ತಂದರು. ಮ್ಯಾನೇಜರ್ ವರ್ಷವಿಡೀ ಕೂಗಿದರೂ ಆಗದ್ದನ್ನು ಆ ಹೆಂಗಸು ಒಂದೇ ಸಾಲಿನ ಕಾಗದದಲ್ಲಿ ಮಾಡಿ ಮುಗಿಸಿದರು.

ಬೇಕಾದವನಿಗೆ ಸಿಗಲಿಲ್ಲ

ನಮ್ಮ ಏಸಿ ಮೆಕ್ಯಾನಿಕ್ ಕಾರ್ಕಳದವನು. ಸತ್ತ ಕಂಪ್ರೆಸರಿಗೆ ಜೀವ ಬರಿಸುವ ಕೈ. ವಯಸ್ಸು ಮೂವತ್ತಮೂರು. ಅವನ ಮದುವೆ ಎರಡು ಸಲ ಗೊತ್ತಾಗಿ, ರಜೆ ಸಿಗದೆ ಎರಡು ಸಲ ಮುಂದೆ ಹೋಗಿತ್ತು. ಹುಡುಗಿ ಅದೇ, ಕಾಯುತ್ತಿದ್ದಳು. ಮೂರನೆಯ ಸಲ ಹುಡುಗಿಯ ತಂದೆ ಬರೆದರು: ಜೂನ್ ಎರಡನೇ ಭಾನುವಾರ ಮುಹೂರ್ತ, ಈ ಸಲ ಮದುಮಗ ಬಾರದಿದ್ದರೆ ಬೇರೆ ಕಡೆ ಕೊಡುತ್ತೇವೆ.

ಅವನು ಕಾಗದ ಹಿಡಿದು ಹೋದ. ಮ್ಯಾನೇಜರ್ ತಲೆ ಎತ್ತಲಿಲ್ಲ. “ಸೆಕೆಗಾಲದ ಸೀಸನ್‌ನಲ್ಲಿ ರಜೆಯಾ? ಮದುವೆ ಅಕ್ಟೋಬರಿಗೆ ಇಟ್ಟುಕೋ.”

“ಅಲ್ಲಿವರೆಗೆ ಹುಡುಗಿಯನ್ನು ಎಂತ, ಗ್ಯಾಸ್ ತುಂಬಿಸಿ ಇಡ್ಲಿಕ್ಕಾಗ್ತದಾ ಸರ್?”

ಮೇಲೆ ಬಂದು ಅವನು ನಮಗೆ ಹೇಳಿದ: “ರಜೆ ಕೊಡುವುದಿಲ್ಲ, ಆಯ್ತು. ಕ್ಯಾನ್ಸಲ್ ದಿನಾ ಕೊಡ್ತಾರಲ್ಲ? ಅದನ್ನೇ ತಗೊಂಡು ಹೋಗ್ತೇನೆ.”

ಮರುದಿನ ಬೇಕೆಂದೇ ಹತ್ತು ಗಂಟೆಗೆ ಡ್ಯೂಟಿಗೆ ಹೋದ. “ಮೈ ಹುಷಾರಿಲ್ವಾ? ಇವತ್ತು ನೆರಳಲ್ಲಿ ಕೂತು ಕೆಲಸ ಮಾಡು,” ಎಂದ ಮ್ಯಾನೇಜರ್. ಎರಡನೆಯ ದಿನ ಮ್ಯಾನೇಜರನ ಕುರ್ಚಿಯಲ್ಲೇ ಕೂತು ಮೇಜಿನ ಮೇಲೆ ಕಾಲು ಚಾಚಿದ. ಮ್ಯಾನೇಜರ್ ಬಾಗಿಲಲ್ಲಿ ನಿಂತು ನೋಡಿ, “ಸೊಂಟ ನೋವಾ?” ಎಂದು ಕೇಳಿದ. ಮೂರನೆಯ ದಿನ ಗಿರಾಕಿಗಳ ಎದುರೇ ಹೇಳಿದ: “ಸರ್, ನಿಮಗೆ ಕೆಲಸದ ಗಂಧಗಾಳಿ ಇಲ್ಲ!” ಮ್ಯಾನೇಜರ್ ನಕ್ಕ. “ಹೌದು ಮಾರಾಯ, ಅದಕ್ಕೇ ಅಲ್ವಾ ನಿನ್ನನ್ನು ಇಟ್ಟುಕೊಂಡದ್ದು?” ಎಂದು ಒಂದು ಬಾಟಲಿ ಮ್ಯಾಂಗೋ ಜ್ಯೂಸ್ ಕೊಟ್ಟ. ಅದೇ ಗಳಿಗೆಯಲ್ಲಿ, ಲೋಟದಲ್ಲಿ ನೊಣ ಬಿದ್ದದ್ದಕ್ಕೆ ಅಡುಗೆಯವರು ಕ್ಯಾನ್ಸಲ್ ಆದರು.

ಮೆಕ್ಯಾನಿಕ್ ಕೋಣೆಗೆ ಬಂದು ಬಾಟಲಿಯನ್ನು ಹಾಸಿಗೆಗೆ ಎಸೆದ. “ಇನ್ನು ಎಂತ ಮಾಡ್ಲಿ ಹೇಳಿ! ಕುತ್ತಿಗೆ ಹಿಡಿದರೆ ಈ ಮನುಷ್ಯ ಪ್ರಮೋಷನ್ ಕೊಟ್ಟುಬಿಡ್ತಾನೆ!”

ಸಾಲು

ಎಲ್ಲರೂ ನಕ್ಕರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಕಂಪೆನಿಗೆ ಬೇಕಾದವನ ಮುಂದೆ ಆ ಶಬ್ದಕ್ಕೆ ಹಲ್ಲೇ ಇಲ್ಲ! ಮೇ ತಿಂಗಳ ಕೊನೆ, ಹೊರಗೆ ಬೆಂಕಿ ಸುರಿಯುತ್ತಿದೆ. ಈಗ ನಮ್ಮಲ್ಲಿ ಬೇಡದವನು ಯಾರು?

“ನಾಳೆ ಎಲ್ಲರೂ ಹೋಗಿ, ನಮ್ಮನ್ನು ಕ್ಯಾನ್ಸಲ್ ಮಾಡಿ ಅಂತ ಕೇಳುವ,” ಎಂದೆ.

ಅಡುಗೆಯವರು ಬೆವರು ಒರೆಸಿದರು. “ನನಗೆ ಮೂರು ಹೆಣ್ಣುಮಕ್ಕಳು ಮಾರಾಯ. ನಿಜಕ್ಕೂ ಕಳಿಸಿದರೆ?”

“ಹದಿನೆಂಟು ಹೊಸ ವೀಸಾ ಬರಲಿಕ್ಕೆ ಎಷ್ಟು ತಿಂಗಳು ಬೇಕು? ಅಲ್ಲಿವರೆಗೆ ಅವನು ಬೀಸಣಿಗೆ ಹಿಡಿದು ಮನೆಮನೆಗೆ ಹೋಗ್ತಾನಾ?”

ಮೆಕ್ಯಾನಿಕ್ ಪೆಟ್ಟಿಗೆ ತೆರೆದು ಮದುವೆಯ ಕರೆಯೋಲೆಗಳ ಕಟ್ಟನ್ನು ಹೊರಗಿಟ್ಟ. ಹುಡುಗಿಯ ಕಡೆಯವರು ಅಚ್ಚು ಹಾಕಿಸಿ ಕಳಿಸಿದ್ದು. ಅಡುಗೆಯವರು ಅದನ್ನು ಬಹಳ ಹೊತ್ತು ನೋಡಿದರು. “ಆಯ್ತು, ನಾನೂ ಬರ್ತೇನೆ,” ಎಂದರು. “ಆದರೆ ಸಾಲಿನ ಮಧ್ಯದಲ್ಲಿ ನಿಲ್ತೇನೆ.”

ಬೆಳಿಗ್ಗೆ ಮ್ಯಾನೇಜರ್ ಬಂದಾಗ ಅವನ ಮೇಜಿನಿಂದ ಬೀದಿಯವರೆಗೆ ಸಾಲು. ಮುಂದೆ ನಾನು, ನನ್ನ ಹಿಂದೆ ಮೆಕ್ಯಾನಿಕ್, ಕಟ್ಟಕಡೆಗೆ ಕಾಕ.

“ಎಂತದ್ದು ಇದು? ಎಲ್ಲರನ್ನೂ ಕ್ಯಾನ್ಸಲ್ ಮಾಡ್ತೇನೆ!”

“ಅದಕ್ಕೇ ಬಂದದ್ದು ಸರ್,” ಎಂದೆ. “ಬಾಯಲ್ಲಿ ಎಲ್ಲರದ್ದೂ ಆಗಿದೆ. ಇವತ್ತು ಕಾಗದದಲ್ಲಿ ಮಾಡಿಬಿಡಿ. ಹದಿನೆಂಟು ಪಾಸ್‌ಪೋರ್ಟು, ಹದಿನೆಂಟು ಟಿಕೆಟು.”

ಅವನು ಒಬ್ಬೊಬ್ಬರ ಮುಖ ನೋಡಿದ. ಯಾರೂ ತಲೆ ತಗ್ಗಿಸಲಿಲ್ಲ, ಅಡುಗೆಯವರೂ. ಆಗ ಫೋನು ಹೊಡೆದುಕೊಂಡಿತು. ನಮ್ಮ ಅರಬಾಬ್, ಕಂಪೆನಿಯ ಯಜಮಾನರು. ಬುದಯ್ಯದ ಅವರ ಮನೆಯಲ್ಲಿ ಏಸಿ ನಿಂತಿತ್ತು. ಮ್ಯಾನೇಜರ್ ಕೂತಲ್ಲಿಂದ ಎದ್ದು ನಿಂತ. “ಎಸ್ ಸರ್. ಈಗಲೇ ಸರ್. ಅರ್ಧ ಗಂಟೆಯಲ್ಲಿ ಸರ್.”

ಫೋನು ಇಟ್ಟು ಮೆಕ್ಯಾನಿಕ್‌ನನ್ನು ನೋಡಿದ. ಮೆಕ್ಯಾನಿಕ್ ನನ್ನನ್ನು ನೋಡಿದ. ನಾನು ಡ್ರಾಯರನ್ನು ನೋಡಿದೆ.

ಸೊಂಟದಿಂದ ಬೀಗದ ಕೈ ಹೊರಬಂತು. ಎರಡು ತಿಂಗಳ ರಜೆ ಕಾಗದದ ಮೇಲೆ ಬಿತ್ತು, ಸಹಿ ಬಿತ್ತು, ಪಾಸ್‌ಪೋರ್ಟು ಕೈಗೆ ಬಂತು. ಇನ್ನು ಮುಂದೆ ಆ ಮಾತು ಯಾರಿಗೂ ಹೇಳುವುದಿಲ್ಲ ಎಂದು ಅವನ ಬಾಯಿಂದಲೇ ಹೇಳಿಸಿದೆ. ಒಂದು ಸಲ ಮೆಲ್ಲಗೆ ಹೇಳಿದ. ಸಾಲಿನ ಹಿಂದಿನವರಿಗೆ ಕೇಳಲಿಲ್ಲವೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿಸಿದೆ.

ಮೆಕ್ಯಾನಿಕ್ ಪಾಸ್‌ಪೋರ್ಟನ್ನು ಎದೆಯ ಕಿಸೆಗೆ ಹಾಕಿ, ಟೂಲ್ ಬಾಕ್ಸ್ ಎತ್ತಿಕೊಂಡ. ಖುಷಿಯಲ್ಲಿ ಸಿಟ್ಟೆಲ್ಲ ಮರೆತು ಒಂದು ಕರೆಯೋಲೆ ತೆಗೆದು ಮ್ಯಾನೇಜರನ ಮುಂದಿಟ್ಟ. “ಖಂಡಿತ ಬರಬೇಕು ಸರ್. ಮನೆಯವರನ್ನೂ ಕರಕೊಂಡು.”

ಮ್ಯಾನೇಜರ್ ಅದನ್ನು ಓದಿದ, ತಿರುಗಿಸಿ ಮತ್ತೆ ಓದಿದ. “ಹೇಗೆ ಬರ್ಲಿ ಮಾರಾಯ?” ಎಂದ. “ನಾನು ಊರು ಕಾಣದೆ ನಾಲ್ಕು ವರ್ಷ ಆಯ್ತು. ರಜೆ ಕೇಳಿದರೆ ಅರಬಾಬ್ ಕ್ಯಾನ್ಸಲ್ ಮಾಡ್ತೇನೆ ಅಂತಾರೆ.”

ಆ ಮಾತು ಬಾಯಿಂದ ಬಾಯಿಗೆ ಸಾಲಿನ ಕೊನೆಯವರೆಗೂ ಹೋಯಿತು. ಆಮೇಲೆ ಬೀದಿಯಿಂದ ಕಾಕನ ದನಿ ಬಂತು:

“ಹಾಗಾದ್ರೆ ಅಲ್ಲಿ ಎಂತಕ್ಕೆ ಕೂತಿದ್ದೀರಿ ಮಾರಾಯ್ರೆ? ಬನ್ನಿ, ಬನ್ನಿ! ನನ್ನ ಹಿಂದೆ ಜಾಗ ಉಂಟು!”