ತೇವ ಕುಡಿಯುವ ಹಾಳೆ

ನಮ್ಮ ಕಡೆ ಎಲ್ಲರದ್ದೂ ತೇವದ ಜೊತೆ ಜಗಳ, ನನಗೊಬ್ಬಳಿಗೆ ಅದೇ ಬೇಕು. ಹಾಗಾಗಿ ಇಂಥದ್ದೆಲ್ಲ ನನಗೇ ಆಗುದು.

ಹಪ್ಪಳ

ಪುತ್ತೂರಿನ ಕಾಲೇಜೊಂದರ ಲ್ಯಾಬಿನಲ್ಲಿ ನಾನು ಪಾಲಿಮರಿನ ತೆಳು ಹಾಳೆ ಮಾಡುದು. ಅದರೊಳಗೆ ನ್ಯಾನೋ ಅಳತೆಯ ಹೊಂಡಗಳು ಉಂಟು. ಗಾಳಿಯ ತೇವ ಕುಡಿದರೆ ಅವು ಉಬ್ಬಿ, ಒಂದಕ್ಕೊಂದು ಕೂಡಿ ಸಣ್ಣ ಕಾಲುವೆಯ ಹಾಗೆ ತೋಡಾಗುತ್ತವೆ. ಆ ತೋಡಿನಲ್ಲಿ ಅಯಾನುಗಳು ದಾಟಿದರೆ ಕರೆಂಟು. ಒಣಗಿತೋ, ತೋಡು ಕಡಿಯಿತು, ಕರೆಂಟೂ ಹೋಯಿತು.

ಮಳೆ ಬಿಟ್ಟ ಒಂದು ದಿನ ಬಂದು ನೋಡಿದರೆ ಹಾಳೆಗಳೇ ಇಲ್ಲ. ಆಲಂಕಾರಿನ ನಮ್ಮ ಅಟೆಂಡರ್ ಅವನ್ನು ತಾರಸಿಯ ಬಿಸಿಲಿನಲ್ಲಿ ಹರಡಿ, ಹಾರಬಾರದೆಂದು ಒಂದೊಂದಕ್ಕೂ ಕಲ್ಲು ಇಟ್ಟಿದ್ದರು.

"ಎಂತ ಮಾಡಿದ್ರಿ ಮಾರಾಯ್ರೆ?"

"ಬೂಸ್ಟು ಹಿಡಿಯುದು ಬೇಡ ಅಂತ ಮೇಡಂ. ಚೆನ್ನಾಗಿ ಒಣಗಿದೆ. ಒಂದನ್ನು ಮುರಿದೂ ನೋಡಿದೆ."

ಮಿಷನ್

ಗಾಳಿಗೆ ತೇವ ಕೊಡುವ ಮಿಷನ್ ಕೇಳಿಕೊಂಡು ಮೇ ತಿಂಗಳಲ್ಲಿ ಸುಳ್ಯದ ಅಂಗಡಿಗೆ ಹೋದೆ. ಅಂಗಡಿಯವರು ಗಲ್ಫಿನಲ್ಲಿ ದುಡಿದು ಬಂದವರು. ನನ್ನನ್ನೊಮ್ಮೆ ಕನಿಕರದಿಂದ ನೋಡಿದರು.

"ಈ ಊರಿನ ಗಾಳಿಗೆ ಇನ್ನೂ ನೀರಾ? ಮೊದಲು ಜೂನ್ ಕಳೆಯಲಿ ಮೇಡಂ. ಮತ್ತೆಯೂ ಬೇಕು ಅನ್ನಿಸಿದರೆ ಬನ್ನಿ."

ಕಡುಬು

ಜೂನ್ ಕಳೆಯುವ ಮೊದಲೇ, ಲ್ಯಾಬಿಗೆ ಇನ್ನೂ ದುಡ್ಡು ಕೊಡಬೇಕಾ ಎಂದು ನೋಡುವ ಸಮಿತಿ ಬಂತು. ಹಾಳೆಯಿಂದ ಒಂದು ಪುಟ್ಟ ಫ್ಯಾನ್ ತಿರುಗಿಸಿ ತೋರಿಸಬೇಕು. ತಿರುಗದಿದ್ದರೆ ಲ್ಯಾಬಿಗೆ ಬೀಗ, ನನ್ನ ಇಷ್ಟು ವರ್ಷದ ಕೆಲಸ ನೀರಿನಲ್ಲಿ ಹೋಮ.

ದೊಡ್ಡವರು ಬರುತ್ತಾರೆಂದು ಪ್ರಿನ್ಸಿಪಾಲರು ಬೆಳಗ್ಗಿನಿಂದಲೇ ಎ.ಸಿ. ಹಾಕಿಸಿದ್ದರು. ಹೊರಗೆ ಧೋ ಮಳೆ, ಒಳಗೆ ಕೋಣೆ ಒಣಕಲು. ಫ್ಯಾನ್ ಮಿಸುಕಲಿಲ್ಲ. ಕಿಟಕಿ ತೆಗೆದು ಸ್ವಲ್ಪ ಕಾಯುವ ಅಂದೆ. ಸಮಿತಿಯ ಹಿರಿಯರು ಪೆನ್ನು ಮುಚ್ಚಿ, "ಕಿಟಕಿ ತೆಗೆದು ಕಾಯುವಷ್ಟು ಪುರುಸೊತ್ತು ನಮಗಿಲ್ಲ" ಅಂದರು. ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

ಸೀದಾ ಕ್ಯಾಂಟೀನಿಗೆ ಓಡಿದೆ. ಅಲ್ಲಿ ಅಟ್ಟಿನಳಗೆಯ ಹಬೆಯಲ್ಲಿ ಹಲಸಿನ ಕಡುಬು ಬೇಯುತ್ತಿತ್ತು, ಸಮಿತಿಯವರದ್ದೇ ಊಟಕ್ಕೆ. ಅಟೆಂಡರೂ ನಾನೂ ಆ ಪಾತ್ರೆಯನ್ನು ಒಲೆ ಸಮೇತ ಹೊತ್ತು ತಂದೆವು. ಹಾಳೆಗೆ ಗಾಳಿ ಹೋಗುವ ಕೊಳವೆಯ ಬಾಯನ್ನು ಮುಚ್ಚಳದ ಸಂದಿಯಿಂದ ಬರುವ ಹಬೆಯ ಹತ್ತಿರ ಹಿಡಿದೆ. ಫ್ಯಾನ್ ಒಮ್ಮೆ ನಡುಗಿತು, ಮತ್ತೆ ಗರಗರ ತಿರುಗಿತು. ನನ್ನ ತೋಡುಗಳು ಕೂಡಿದ್ದವು! ಅಷ್ಟು ಸಂತೋಷ ನನಗೆ ಮದುವೆ ದಿನವೂ ಆಗಿರಲಿಲ್ಲ.

ಹಿರಿಯರು ಮೂಗರಳಿಸಿ ಹತ್ತಿರ ಬಂದರು. "ಒಳಗೆ ಎಂತ ಉಂಟು?" ಅನ್ನುತ್ತ ಮುಚ್ಚಳಕ್ಕೆ ಕೈ ಹಾಕಿದರು.

"ಮುಚ್ಚಳ ತೆಗೆಯಬೇಡಿ ಸರ್, ಹಬೆ ಹೋದರೆ ಫ್ಯಾನ್ ನಿಲ್ಲುತ್ತದೆ. ಮೊದಲು ಸಹಿ, ಮತ್ತೆ ಕಡುಬು."

ಅವರು ಪಾತ್ರೆಯ ಪಕ್ಕದಲ್ಲೇ ನಿಂತು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ಲ್ಯಾಬು ಉಳಿಯಿತು. ಹಬೆಗೆ ಆ ಕಾಗದ ಮಾತ್ರ ಪೂರ್ತಿ ಮೆತ್ತಗಾಗಿತ್ತು. ಅಟೆಂಡರ್ ಅದನ್ನು ಎರಡು ಬೆರಳಲ್ಲಿ ಮೆಲ್ಲ ಎತ್ತಿ ಹಿಡಿದು ನನ್ನ ಮುಖ ನೋಡಿದರು.

"ಮೇಡಂ, ಇದನ್ನಾದರೂ ಒಣಗಿಸಬಹುದಾ?"