ಕಾದಂಬರಿಕಾರನ ಕುರ್ಚಿಗೆ ನಮ್ಮತ್ತೆಯ ಶಾಲು

ನಮ್ಮನೆಗೆ ಇಂಡಿಯಾದಿಂದ ಯಾರೇ ಬರಲಿ, ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ಬೇರೆಯವರ ಅತ್ತೆಯಂದಿರು ನಯಾಗರಾ ನೋಡಿ ತೃಪ್ತಿಪಡ್ತಾರೆ. ನಮ್ಮತ್ತೆ ಧಾರವಾಡದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವರು. "ನಾ ಕಲಿಸಿದ ಕಾದಂಬರೀನ ಅದರ ಲೇಖಕ ಆನ್ ಆರ್ಬರ್‌ನಾಗ ಕುಂತು ಬರದಾನ. ಆ ಜಾಗಾದಾಗ ಐದು ನಿಮಿಷರೆ ಕುಂದ್ರದ ವಿಮಾನ ಹತ್ತಂಗಿಲ್ಲ" ಅಂದುಬಿಟ್ರು. ವಿಮಾನ ಮರುದಿನವೇ. ನಾವಿರೋ ಪ್ಲಿಮತ್‌ನಿಂದ ಆನ್ ಆರ್ಬರ್ ಹದಿನೈದು ಮೈಲಿ, ಇನ್ನೇನು ಮಾಡ್ಲಿ, ಕಾರ್ ತೆಗೆದೆ.

೧. ಓದುವಾಗಿನ ಮನೆ

ಲೇಖಕ ಓದುವಾಗ ಇದ್ದ ಮನೆಯಲ್ಲಿ ಈಗ ಬೇರೆ ಸ್ಟೂಡೆಂಟ್ಸ್ ಇದ್ದಾರೆ. ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಊರಿನ ಲೆಕ್ಕದಲ್ಲಿ ಮೂರೇ ಡಿಗ್ರಿ ಚಳೀಲಿ ಅತ್ತೆ ಶೂ ಬಿಚ್ಚಿ ಹೊಸ್ತಿಲಿಗೆ ಕೈಮುಗಿದ್ರು. ಬಾಗಿಲು ತೆಗೆದ ಹುಡುಗಿಗೆ ಲೇಖಕನ ಹೆಸರು ಹೇಳಿದೆ. "ಓ, ಅವರಾ? ಅವರ ಮೇಲ್ ಇನ್ನೂ ಬರ್ತಿದೆ" ಅಂತ ಲಕೋಟೆಗಳ ಒಂದು ಕಟ್ಟು ಕೊಟ್ಟಳು. ಸತ್ತು ಎಷ್ಟೋ ವರ್ಷವಾದ ಮನುಷ್ಯನಿಗೆ ಕ್ರೆಡಿಟ್ ಕಾರ್ಡ್ ಪ್ರೀ-ಅಪ್ರೂವ್ ಆಗಿದೆ! ನನ್ನ ಗಂಡನಿಗೆ ಹೋದ ತಿಂಗಳಷ್ಟೇ ರಿಜೆಕ್ಟ್ ಮಾಡಿದ್ರು.

೨. ಆಮೇಲಿನ ಮನೆ

ಅದು ಪಾರ್ಕಿಂಗ್ ಕಟ್ಟಡ ಆಗಿಬಿಟ್ಟಿತ್ತು. ಹೋಗ್ಲಿ ಬಿಡಿ ಅಂದೆ. "ಅಂವ ಮ್ಯಾಲಿನ ಮಜಲಿನ್ಯಾಗಿದ್ದ, ನಡಿ" ಅಂತ ಲೆವೆಲ್ ಟೂಗೆ ಹತ್ತಿಸಿದ್ರು. ಖಾಲಿ ಜಾಗದಲ್ಲಿ ಕೂತ್ಕೊಳ್ಳೋಕೆ ಹೋದವರನ್ನ ಅಟೆಂಡೆಂಟ್ ತಡೆದ. "ಮ್ಯಾಮ್, ಆತ ಬರೆದದ್ದೆಲ್ಲ ಎದುರಿನ ಕೆಫೆಯಲ್ಲಂತೆ, ಬಾಗಿಲ ಪಕ್ಕದ ಟೇಬಲ್ಲು. ಅಲ್ಲಿ ಕೂತರೆ ದಂಡದ ಟಿಕೆಟ್ ಬೀಳಲ್ಲ" ಅಂದ.

೩. ಕೆಫೆ

ಬಾಗಿಲ ಪಕ್ಕದ ಆ ಟೇಬಲ್ಲಿನ ಕುರ್ಚಿಯಲ್ಲಿ ಒಬ್ಬ ಲ್ಯಾಪ್‌ಟಾಪ್ ತೆಗೆದು ಕೂತಿದ್ದ. ಒಂದು ಗಂಟೆ ಕಾದ್ವಿ, ಆಸಾಮಿ ಅಲ್ಲಾಡಲಿಲ್ಲ. "ಕೇಳ್ಲಾ?" ಅಂದೆ. "ಕೇಳಿದ್ರ ಸೀಟು ಸಿಗತಾವೇನ? ಹುಬ್ಬಳ್ಳಿ ಬಸ್ಸಿನ್ಯಾಗ ನಾ ಎಂದೂ ನಿಂತು ಹೋಗಿಲ್ಲ" ಅಂದ್ರು. ಅವನು ಕಾಫಿ ರೀಫಿಲ್‌ಗೆ ಎದ್ದಿದ್ದೇ ತಡ, ಅತ್ತೆ ಶಾಲು ಬೀಸಿ ಎಸೆದ್ರು. ಸರಿಯಾಗಿ ಕುರ್ಚಿ ಮೇಲೇ ಬಿತ್ತು! ಪಾಪ, ಅವನು ಶಾಲು ನೋಡಿದ, ಅತ್ತೆ ಮುಖ ನೋಡಿದ, ಲ್ಯಾಪ್‌ಟಾಪ್ ಎತ್ಕೊಂಡು ಹೋದ.

ಅತ್ತೆ ಕೂತ್ರು. ಖುಷಿಗೆ ಕಣ್ಣಲ್ಲಿ ನೀರು. ಅಷ್ಟರಲ್ಲಿ ಬಾಗಿಲು ತೆಗೀತು, ಕೊರೆಯೋ ಗಾಳಿ ಬೆನ್ನಿಗೆ ಬಡೀತು. ಮತ್ತೆ ತೆಗೀತು, ಮತ್ತೆ ಬಡೀತು. ಐದನೇ ಸಲಕ್ಕೆ ಅತ್ತೆ ಮುಖ ಸಪ್ಪಗಾಯ್ತು.

"ಆ ಕಾದಂಬರಿ ಕಡೀ ಅಧ್ಯಾಯದಾಗ ನಾಯಕ ಎಲ್ಲಾ ಬಿಟ್ಟು ಎದ್ದು ಹೋಗ್ತಾನ. ಯಾಕ ಅಂತ ಪರೀಕ್ಷಾದಾಗ ಕೇಳ್ತಿದ್ದೆ. ಬದುಕಿನ ಶೂನ್ಯತೆ ಅಂತ ಬರದವರಿಗೆ ಐದು ಮಾರ್ಕ್ಸ್. ಒಬ್ಬಾಂವ ಮಾತ್ರ ‘ಥಂಡಿ ಹತ್ತಿತ್ತು’ ಅಂತ ಬರದಿದ್ದ. ಸೊನ್ನಿ ಕೊಟ್ಟಿದ್ದೆ."

ನನ್ನ ಫೋನ್ ಕಿತ್ಕೊಂಡು ಆಫೀಸಲ್ಲಿದ್ದ ನನ್ನ ಗಂಡನಿಗೆ ಹಚ್ಚಿದ್ರು. "ನಿನ್ನ ಉತ್ತರ ಖರೇ ಇತ್ತು ನೋಡಪಾ. ಐದು ಮಾರ್ಕ್ಸ್ ಕೊಟ್ಟೀನಿ."

"ಅವ್ವಾ! ಮೂರು ಮಾರ್ಕ್ಸಿಗೆ ಫೇಲ್ ಮಾಡಿದ್ದಿ. ರಜಾ ಪೂರ್ತಿ ಅದೇ ಕಾದಂಬರಿ ನಾಲ್ಕು ಸಲ ಓದಿಸಿದ್ದಿ!"

"ಓದಿದ್ದೇನು ಹಾಳಾಗಂಗಿಲ್ಲ, ಬಿಡು" ಅಂತ ಅತ್ತೆ ಫೋನ್ ಇಟ್ಟರು.